ಗ್ರೂಪ್ ಶೋದಲ್ಲಿ ಪಕ್ಕದ ಗೋಡೆ ಯಾರಿಗೆ?

ಆರ್ಟ್ ಗ್ಯಾಲರಿಯಲ್ಲಿ ಡಿಸ್‌ಪ್ಲೇ ನೋಡಿಕೊಳ್ಳುವುದು ನನ್ನ ಕೆಲಸ. ಬಂದ ಕಲಾಕೃತಿಗಳನ್ನು ಬಿಚ್ಚಿ ಪರೀಕ್ಷಿಸುವುದು, ಗೋಡೆಗೆ ಹಾಕಿಸುವುದು, ಲೈಟು ಹೊಂದಿಸುವುದು, ಶೋ ಮುಗಿದ ಮೇಲೆ ಮತ್ತೆ ಕಟ್ಟಿ ಕಳಿಸುವುದು. ಒಬ್ಬರದೇ ಪ್ರದರ್ಶನವಾದರೆ ಕಲಾವಿದರು ಜೊತೆಗೇ ಇರುತ್ತಾರೆ, ಯಾವುದರ ನಂತರ ಯಾವುದು ಅಂತ ಅವರಿಗೆ ಗೊತ್ತಿರುತ್ತದೆ. ಬೇರೆ ಬೇರೆ ಊರಿನವರನ್ನು ಸೇರಿಸಿ ಮಾಡುವ ಗ್ರೂಪ್ ಶೋದಲ್ಲಿ ಹಾಗಾಗುವುದಿಲ್ಲ. ಎಷ್ಟೋ ಜನ ಒಬ್ಬರ ಕೆಲಸ ಇನ್ನೊಬ್ಬರು ನೋಡಿಯೇ ಇರುವುದಿಲ್ಲ. ಅಲ್ಲಿ ನಾನು ಕಲಿತ ದೊಡ್ಡ ಪಾಠ ಏನೆಂದರೆ, ಗ್ರೂಪ್ ಶೋದಲ್ಲಿ ಒಂದು ಚಿತ್ರದ ಗತಿಯನ್ನು ಅರ್ಧ ನಿರ್ಧರಿಸುವುದು ಅದರ ಪಕ್ಕದ ಚಿತ್ರ.

ಸಂಘಟಕರು ಸಾಮಾನ್ಯವಾಗಿ ಗೋಡೆಯನ್ನು ಅಳೆದು ಹಂಚುತ್ತಾರೆ. ‘ತಲಾ ಎಂಟು ಅಡಿ ಕೊಟ್ಟುಬಿಡಿ ಸರ್, ಯಾರಿಗೂ ಬೇಜಾರಾಗಲ್ಲ.’ ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡ ಹಾಗೆ. ಕೇಳುವುದಕ್ಕೆ ನ್ಯಾಯವಾಗಿದೆ. ಆದರೆ ಒಂದು ಶೋದಲ್ಲಿ ಹೀಗೆ ಹಂಚಿದಾಗ ಆರಡಿ ಅಗಲದ ಅಕ್ರಿಲಿಕ್ ಕ್ಯಾನ್ವಾಸ್ ಪಕ್ಕಕ್ಕೆ ಅಂಗೈಯಷ್ಟೇ ಇದ್ದ ಎಚಿಂಗ್ (ಲೋಹದ ತಗಡಿನಲ್ಲಿ ಆಸಿಡ್‌ನಿಂದ ಗೆರೆ ಕೊರೆದು ಕಾಗದಕ್ಕೆ ಒತ್ತಿದ ಚಿತ್ರ) ಒಂದು ಬಂತು. ಕ್ಯಾನ್ವಾಸಿನ ತುಂಬ ಕೇಸರಿ ಬಣ್ಣ. ಎಚಿಂಗಿನಲ್ಲಿ ಒಂದು ಹಳೇ ಬಾವಿಯ ಮೆಟ್ಟಿಲು, ಕೂದಲೆಳೆಯಂಥ ಗೆರೆಗಳು, ಕೆಳಗೆ ಪೆನ್ಸಿಲಿನಲ್ಲಿ ಮುದ್ರಣ ಸಂಖ್ಯೆ ಮತ್ತು ಸಹಿ. ಬಂದವರೆಲ್ಲ ಕೇಸರಿ ನೋಡಿ, ಹಾಗೇ ಮುಂದಿನ ದೊಡ್ಡ ಚಿತ್ರಕ್ಕೆ ಹೋಗುತ್ತಿದ್ದರು. ಎಚಿಂಗನ್ನು ತೆಗೆದು ಮೂಲೆಯ ಸಣ್ಣ ಗೋಡೆಗೆ ಒಂಟಿಯಾಗಿ ಹಾಕಿಸಿದೆವು. ಸುತ್ತ ಖಾಲಿ ಬಿಳಿ ಜಾಗ, ಗಾಜಿನ ಮೇಲೆ ಪ್ರತಿಫಲಿಸದ ಹಾಗೆ ಓರೆಯಾಗಿ ಒಂದು ಲೈಟು. ಆಮೇಲೆ ಜನ ಅಲ್ಲಿ ನಿಂತರು, ಬಗ್ಗಿ ನೋಡಿದರು. ಕಲಾವಿದೆಗೆ ಪಾಲಿಗಿಂತ ಕಡಿಮೆ ಗೋಡೆ ಸಿಕ್ಕಿತ್ತು. ಅವರು ಒಂದು ಮಾತೂ ತಕರಾರು ಮಾಡಲಿಲ್ಲ.

ಇನ್ನೊಂದು ರೂಢಿ ಜಿಲ್ಲಾವಾರು ಗೋಡೆ. ಕರಾವಳಿಯವರು ಈ ಕಡೆ, ಕಲಬುರಗಿಯವರು ಆ ಕಡೆ, ಮೈಸೂರಿನವರು ಬಾಗಿಲ ಹತ್ತಿರ. ಇದನ್ನು ನಾನು ಎಲ್ಲ ಸಭೆಗಳಲ್ಲೂ ವಿರೋಧಿಸುತ್ತೇನೆ. ಹಾಗೆ ಹಾಕಿದ ಕೂಡಲೇ ನೋಡುಗರು ಕರಾವಳಿಯ ಗೋಡೆಯಲ್ಲಿ ಯಕ್ಷಗಾನ ಹುಡುಕುತ್ತಾರೆ. ಅಲ್ಲಿಯ ಹುಡುಗಿ ಅಪಾರ್ಟ್‌ಮೆಂಟಿನ ಲಿಫ್ಟ್ ಬರೆದಿದ್ದರೆ ‘ಇದರಲ್ಲಿ ನಿಮ್ಮೂರು ಎಲ್ಲಿದೆ?’ ಅನ್ನುತ್ತಾರೆ. ನಮ್ಮ ಕಲಾವಿದರು ಜಿಲ್ಲೆಯೊಳಗೆ ಕೂತವರೂ ಅಲ್ಲ. ಕೆ.ಕೆ. ಹೆಬ್ಬಾರರು ಹುಟ್ಟಿದ್ದು ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ, 1911ರಲ್ಲಿ. ಬದುಕಿದ್ದು, ಕಲಾವಿದರಾಗಿ ಬೆಳೆದದ್ದು ಮುಂಬೈಯಲ್ಲಿ. ಎಸ್.ಎಂ. ಪಂಡಿತರು ಕಲಬುರಗಿಯವರು, ಸಿನಿಮಾ ಪೋಸ್ಟರ್, ಕ್ಯಾಲೆಂಡರ್‌ಗಳಿಂದ ಹೆಸರಾದದ್ದು ಅದೇ ಮುಂಬೈಯಲ್ಲಿ. ಬಾದಾಮಿಯ ಆರ್.ಎಂ. ಹಡಪದ್ ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಎಷ್ಟೋ ಮಂದಿಯನ್ನು ತಯಾರು ಮಾಡಿದರು. ಇವರನ್ನು ಯಾವ ಜಿಲ್ಲೆಯ ಗೋಡೆಗೆ ಹಾಕುತ್ತೀರಿ? ಇವತ್ತಿನ ಹುಡುಗರೂ ಅಷ್ಟೇ. ದಾವಣಗೆರೆಯಲ್ಲೋ ಗದಗದಲ್ಲೋ ಕಲಿತು, ಮುಂದಿನ ಓದಿಗೆ ಬರೋಡಕ್ಕೋ ಶಾಂತಿನಿಕೇತನಕ್ಕೋ ಹೋಗಿ ಬಂದಿರುತ್ತಾರೆ.

ಹಾಗಾಗಿ ಕೃತಿಗಳನ್ನು ಮೊದಲು ನೆಲಕ್ಕೆ ತರುತ್ತೇನೆ. ಕೆಳಗೆ ಫೋಮಿನ ತುಂಡು ಇಟ್ಟು, ಎಲ್ಲವನ್ನೂ ಗೋಡೆಗೆ ಒರಗಿಸಿ, ಜಾಗ ಬದಲಿಸುತ್ತಾ ಹೋಗುವುದು. ಡ್ರಿಲ್ ಮಷಿನ್ ಆ ದಿನ ಪೆಟ್ಟಿಗೆಯಿಂದ ಹೊರಗೆ ಬರುವುದೇ ಇಲ್ಲ. ಬೀದರಿನ ಕಪ್ಪು ಇದ್ದಿಲ ಚಿತ್ರದ ಎದುರಿಗೆ ಮಂಗಳೂರಿನ ಹೆಂಚಿನ ತುಂಡುಗಳನ್ನು ಜಾಗದಲ್ಲೇ ಜೋಡಿಸಿ ಮಾಡಿದ ಇನ್‌ಸ್ಟಲೇಷನ್ ಇಟ್ಟಾಗ ಎರಡರ ಸುಟ್ಟ ಬಣ್ಣವೂ ಒಮ್ಮೆಗೇ ಕಾಣುತ್ತದೆ. ಇಂಥದ್ದು ಪಟ್ಟಿ ಹಿಡಿದು ಕೂತರೆ ಹೊಳೆಯುವುದಿಲ್ಲ. ಒಂದು ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಹೊಸದಾಗಿ ನೋಡಿದರೆ ಇನ್ನೂ ಒಳ್ಳೆಯದು.

ಇದಕ್ಕೆ ಸಮಯ ಬೇಕು, ಗ್ಯಾಲರಿ ಬಾಡಿಗೆ ಉಳಿಸುವುದಕ್ಕೆ ಎಲ್ಲರೂ ಕತ್ತರಿಸುವುದು ಇದನ್ನೇ. ದೂರದ ಊರುಗಳಿಂದ ಎಷ್ಟೋ ಕ್ಯಾನ್ವಾಸ್‌ಗಳು ಪಿವಿಸಿ ಪೈಪಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬರುತ್ತವೆ. (ಸುತ್ತುವಾಗ ಬಣ್ಣದ ಮೈ ಹೊರಗಡೆ ಇರಲಿ. ಒಳಗೆ ಸುತ್ತಿದರೆ ಬಣ್ಣ ಒತ್ತಿಕೊಂಡು ಬಿರುಕು ಬಿಡುತ್ತದೆ.) ಅವನ್ನು ಸ್ಟ್ರೆಚರ್‌ಗೆ, ಅಂದರೆ ಮರದ ಚೌಕಟ್ಟಿಗೆ, ಎಳೆದು ಹೊಡೆಯುವ ತನಕ ನೆಲದ ಜೋಡಣೆ ಶುರುವಾಗುವುದೇ ಇಲ್ಲ. ಉದ್ಘಾಟನೆಯ ಬೆಳಿಗ್ಗೆ ಬಡಗಿಯನ್ನು ಕರೆಸಿದರೆ ಎಂಟಡಿ ಪಾಲಿನ ಲೆಕ್ಕಕ್ಕೇ ಶರಣಾಗಬೇಕಾಗುತ್ತದೆ.

ಉಳಿದದ್ದು ರೂಢಿಯ ಕೆಲಸ. ಕೃತಿಯ ನಡುಭಾಗ ನೆಲದಿಂದ 57ರಿಂದ 60 ಇಂಚು ಎತ್ತರಕ್ಕೆ ಬರಬೇಕು. ಜಲವರ್ಣ, ಮುದ್ರಣದಂಥ ಕಾಗದದ ಕೃತಿಗಳಿಗೆ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ಸಾಕು. ಹೆಸರಿನ ಚೀಟಿಯಲ್ಲಿ ಕನ್ನಡ ಮೇಲೆ ಇರಲಿ, ಓದಲಾಗುವಷ್ಟು ದೊಡ್ಡ ಅಕ್ಷರದಲ್ಲಿ.

ಹಿರಿಯರಿಗೆ ಬಾಗಿಲಿನ ಎದುರು ಗೋಡೆಯೇ ಬೇಕು ಅನ್ನುವ ತಕರಾರು ಬಂದೇ ಬರುತ್ತದೆ. ಅವರ ಜೊತೆ ಫೋನಿನಲ್ಲಿ ವಾದ ಮಾಡಿ ಏನೂ ಸಿಗುವುದಿಲ್ಲ. ಕೃತಿಗಳು ನೆಲದ ಮೇಲಿರುವಾಗಲೇ ಬಂದು ನೋಡಿ ಅನ್ನುತ್ತೇನೆ. ಬಂದವರು ಸುಮ್ನೆ ಒಂದು ಸುತ್ತು ಹಾಕುತ್ತಾರೆ, ಕಿರಿಯರ ಕೆಲಸದ ಎದುರು ನಿಲ್ಲುತ್ತಾರೆ. ಎಷ್ಟೋ ಸಲ ‘ಇದು ಇಲ್ಲಿರಲಿ, ನನ್ನದು ಆ ಕಡೆ ಹಾಕಿ’ ಅಂತ ತಾವೇ ಹೇಳಿದ್ದಾರೆ. ದೂರದಿಂದ ಬರಲಾಗದವರಿಗೆ ವಿಡಿಯೊ ಕಾಲ್ ಮಾಡಿ, ಪೂರ್ತಿ ಸಾಲನ್ನು ನಿಧಾನವಾಗಿ ತೋರಿಸುತ್ತೇನೆ, ಪಕ್ಕದವರ ಕೃತಿಯನ್ನೂ ಸೇರಿಸಿ.