ಎರಡು ವಿಮಾನಗಳ ನಡುವೆ ಹಣ್ಣುಹುಳು

ಅಹಮದಾಬಾದಿನಿಂದ ಕೊಯಮತ್ತೂರಿಗೆ ಹೋಗಲು ಕಚೇರಿಯವರು ಕಳಿಸಿದ ಟಿಕೆಟನ್ನು ನಾನು ಎರಡು ಸಲ ಓದಿದೆ. ಬೆಳಿಗ್ಗೆ 6.20ಕ್ಕೆ ಬೆಂಗಳೂರು. ಅಲ್ಲಿಂದ ಮುಂದಿನ ವಿಮಾನ ಸಂಜೆ 7.10ಕ್ಕೆ. ನಡುವೆ ಹನ್ನೆರಡು ಗಂಟೆ ಐವತ್ತು ನಿಮಿಷ. ಸ್ವಲ್ಪ ಹೆಚ್ಚು ದುಡ್ಡು ಕೊಟ್ಟಿದ್ದರೆ ಬೆಳಗಿನಲ್ಲೇ ಕೊಯಮತ್ತೂರು ಸೇರಿಸುವ ವಿಮಾನವಿತ್ತು. ಆದರೆ ನೂಲಿನ ಗಿರಣಿಗಳ ಯಂತ್ರ ರಿಪೇರಿ ಮಾಡಿಕೊಂಡು ಊರೂರು ಅಲೆಯುವವನ ಒಂದು ಹಗಲಿಗೆ ನಮ್ಮ ಲೆಕ್ಕಪತ್ರದವರ ಪುಸ್ತಕದಲ್ಲಿ ಅಷ್ಟು ಬೆಲೆಯಿಲ್ಲ.

ಇಂಥ ಬಿಡುವುಗಳು ನನಗೆ ಹೊಸದಲ್ಲ. ಯಾವ ನಿಲ್ದಾಣದ ಯಾವ ಮೂಲೆಯಲ್ಲಿ ಕೈಯಾಸರೆಯಿಲ್ಲದ ಕುರ್ಚಿಗಳಿವೆ, ಎಲ್ಲಿ ಮೊಬೈಲ್ ಚಾರ್ಜ್ ಮಾಡಬಹುದು ಎಂಬ ಜ್ಞಾನ ನನ್ನಲ್ಲಿ ಬೇಕಾದಷ್ಟಿದೆ. ದೇವನಹಳ್ಳಿಯ ನಿಲ್ದಾಣದಲ್ಲಂತೂ ಹೊತ್ತು ಕಳೆಯುವುದು ಕಷ್ಟವಲ್ಲ. ಹೊರಗೆ 108 ಅಡಿಯ ಕೆಂಪೇಗೌಡರ ಪ್ರತಿಮೆಯಿದೆ, ಎರಡನೇ ಟರ್ಮಿನಲ್ಲಿನಲ್ಲಿ ಬಿದಿರು ಹೊದಿಸಿದ ಸೂರು, ತೂಗುವ ಗಿಡಗಳು ಎಲ್ಲ ಇವೆ. ಒಂದೂವರೆ ಗಂಟೆ ಚೆನ್ನಾಗಿ ಕಳೆಯುತ್ತದೆ. ಉಳಿದ ಹನ್ನೊಂದು ಗಂಟೆ ದುಬಾರಿ ಕಾಫಿ ಕುಡಿಯುತ್ತಾ, ಕುತ್ತಿಗೆ ಉಳುಕಿಸಿಕೊಳ್ಳುತ್ತಾ ಕೂರಬೇಕು.

ಮಂಡ್ಯದ ಹತ್ತಿರದ ನಮ್ಮ ಊರಿಗೆ ಹೋಗಿಬಂದರೆ ಹೇಗೆ ಎಂಬ ಯೋಚನೆ ಬಂದದ್ದು ಅಹಮದಾಬಾದಿನಲ್ಲಿ, ಬ್ಯಾಗಿಗೆ ಚೀಟಿ ಅಂಟಿಸುವಾಗ. ಒಂದೇ ಟಿಕೆಟಿನಲ್ಲಿ ಎರಡೂ ವಿಮಾನಗಳಿದ್ದದ್ದರಿಂದ ಹೊರೆಯೆಲ್ಲ ನೇರವಾಗಿ ಕೊಯಮತ್ತೂರಿಗೇ ಹೋಗುವುದಿತ್ತು. ಎರಡನೇ ವಿಮಾನದ ಬೋರ್ಡಿಂಗ್ ಪಾಸನ್ನೂ ಆಗಲೇ ಕೈಗೆ ಕೊಟ್ಟರು. ನನ್ನ ಹೆಗಲಿಗೆ ಉಳಿದದ್ದು ಒಂದು ಬೆನ್ನುಚೀಲ. ದೇಶದೊಳಗಿನ ಪ್ರಯಾಣದಲ್ಲಿ ಬಿಡುವಿನ ಹೊತ್ತಿಗೆ ನಿಲ್ದಾಣದಿಂದ ಹೊರಗೆ ಹೋಗಲು ಯಾರ ಅಪ್ಪಣೆಯೂ ಬೇಡ, ಮತ್ತೆ ಒಳಗೆ ಬರುವಾಗ ಟಿಕೆಟು, ಗುರುತಿನ ಚೀಟಿ ತೋರಿಸಿದರಾಯಿತು. ಇಷ್ಟು ವರ್ಷ ಓಡಾಡಿಯೂ ಆ ಸ್ವಾತಂತ್ರ್ಯವನ್ನು ನಾನು ಬಳಸಿಕೊಂಡಿರಲಿಲ್ಲ.

ಲೆಕ್ಕವನ್ನು ಹಿಂದಿನಿಂದ ಹಾಕಿದೆ. ಇಂಥದ್ದಕ್ಕೆ ಹಾಗೆಯೇ ಹಾಕಬೇಕು. 7.10ಕ್ಕೆ ವಿಮಾನವೆಂದರೆ ಆರು ಗಂಟೆಯೊಳಗೆ ಬಾಗಿಲಲ್ಲಿರಬೇಕು. ಬೆಂಗಳೂರಿನ ಸಂಜೆಯನ್ನು ನಂಬುವಂತಿಲ್ಲ, ಆದ್ದರಿಂದ ಐದೂವರೆ ಎಂದಿಟ್ಟುಕೊಂಡೆ. ಮೆಜೆಸ್ಟಿಕ್ಕಿನಿಂದ ನಾಲ್ಕಕ್ಕೆ ಹೊರಡಬೇಕು, ಮಂಡ್ಯದಿಂದ ಒಂದೂವರೆಗೆ. ಹೋಗುವುದಕ್ಕೆ ನಾಲ್ಕು ಗಂಟೆ ಹಿಡಿದರೂ ಊರಲ್ಲಿ ಎರಡು ಗಂಟೆಗೆ ಮೋಸವಿಲ್ಲ. ಟ್ಯಾಕ್ಸಿ ಮಾಡಿದ್ದರೆ ಇನ್ನೊಂದು ಗಂಟೆ ಸಿಗುತ್ತಿತ್ತು, ಆದರೆ ಅದರ ಬಾಡಿಗೆ ವಿಮಾನದ ಟಿಕೆಟ್ಟನ್ನೇ ನಾಚಿಸುವಂತಿತ್ತು.

ವಾಯುವಜ್ರ ಬಸ್ಸಿನಲ್ಲಿ ಮೆಜೆಸ್ಟಿಕ್, ಅಲ್ಲಿಂದ ನೇರಳೆ ಮಾರ್ಗದ ಮೆಟ್ರೊ ಹಿಡಿದು ಕೆಂಗೇರಿ. ಮೈಸೂರು ರಸ್ತೆಯ ದಟ್ಟಣೆಯಲ್ಲಿ ಸಿಕ್ಕಿಹಾಕಿಕೊಳ್ಳುವ ಬದಲು ಕೆಂಗೇರಿಯಲ್ಲಿ ಬಸ್ ಹಿಡಿಯುವುದು ನಮ್ಮ ಕಡೆಯವರು ಈಗ ಕಲಿತಿರುವ ಉಪಾಯ. ಆದರೆ ಬಸ್ ಹತ್ತುವ ಮುಂಚೆ ಒಂದು ಮಾತು ಕೇಳಲೇಬೇಕು: ಮಂಡ್ಯದ ಒಳಗೆ ಹೋಗುತ್ತದೆಯೇ? 2023ರ ಮಾರ್ಚಿನಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಬಿಡದಿ, ರಾಮನಗರ, ಮದ್ದೂರು, ಮಂಡ್ಯ ಎಲ್ಲವೂ ಪಕ್ಕಕ್ಕೆ ಸರಿದಿವೆ. ಕೇಳದೆ ಹತ್ತಿದವರು ತಮ್ಮ ಊರನ್ನು ದೂರದಿಂದ ನೋಡುತ್ತಾ ಮೈಸೂರು ಸೇರಬೇಕಾಗುತ್ತದೆ.

ಕೆಂಗೇರಿಯಿಂದ ಅವ್ವನಿಗೆ ಫೋನ್ ಮಾಡಿದೆ. ಸಂತೋಷದ ಉದ್ಗಾರವೊಂದನ್ನು ನಿರೀಕ್ಷಿಸಿದ್ದೆ.

"ಇವತ್ತೇ ಬರಬೇಕಾಗಿತ್ತೇ?" ಎಂದಳು. "ಹುಳ ಹಣ್ಣಾಗಿದೆ. ಮಂಡ್ಯಕ್ಕೆ ಕರೆಯಲು ಯಾರೂ ಬರುವುದಕ್ಕಾಗುವುದಿಲ್ಲ. ಆಟೋ ಹಿಡಿದು ಬಾ."

ರೇಷ್ಮೆ ಸಾಕುವವರ ಮನೆಯಲ್ಲಿ ಹುಟ್ಟಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಹುಳ ನಾಲ್ಕು ಜ್ವರ ಮುಗಿಸಿ, ಅಂದರೆ ನಾಲ್ಕು ಸಲ ಊಟ ಬಿಟ್ಟು ಪೊರೆ ಕಳಚಿ, ಕೊನೆಯ ಏಳೆಂಟು ದಿನ ಹಗಲುರಾತ್ರಿ ಹಿಪ್ಪುನೇರಳೆ ಸೊಪ್ಪು ತಿನ್ನುತ್ತದೆ. ಜೀವಮಾನದ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ಈ ಒಂದು ವಾರದಲ್ಲೇ ಖರ್ಚು. ಆಮೇಲೆ ಒಂದು ಹೊತ್ತು ಇದ್ದಕ್ಕಿದ್ದಂತೆ ತಿನ್ನುವುದು ನಿಲ್ಲುತ್ತದೆ, ಮೈ ಹಳದಿಗೆ ತಿರುಗಿ ಬೆಳಕಿಗೆ ಹಿಡಿದರೆ ತಿಳಿಯಾಗಿ ಕಾಣುತ್ತದೆ, ತಲೆಯೆತ್ತಿ ಏನನ್ನೋ ಹುಡುಕುತ್ತದೆ. ಅದೇ ಹಣ್ಣುಹುಳು. ಆಗ ಅದನ್ನು ಆರಿಸಿ ಚಂದ್ರಂಕಿಗೆ, ಅಂದರೆ ಗೂಡು ಕಟ್ಟಲು ಸುರುಳಿಗಳಿರುವ ಬಿದಿರಿನ ಚಾಪೆಗೆ, ಬಿಡಬೇಕು. ತಡವಾದರೆ ತಟ್ಟೆಯಲ್ಲೇ ಸೊಪ್ಪಿನ ಕಡ್ಡಿಗೆ ನೂಲು ಬಿಟ್ಟು ಹಾಳುಮಾಡುತ್ತದೆ. ಅವಸರಪಟ್ಟು ಹಸಿಹುಳ ಬಿಟ್ಟರೆ ಅದು ಗೂಡು ಕಟ್ಟದೆ ಅಲೆದಾಡಿ, ಹಿಕ್ಕೆ ಹಾಕಿ ಪಕ್ಕದವರ ಗೂಡನ್ನೂ ಕೆಡಿಸುತ್ತದೆ. ಆ ದಿನ ಮನೆಯಲ್ಲಿ ಸಾವಾದರೂ ಹೆಣ ಸ್ವಲ್ಪ ಕಾಯಬೇಕು ಎಂದು ನಮ್ಮಜ್ಜಿ ಹೇಳುತ್ತಿದ್ದಳು.

ಊರು ಸೇರಿದಾಗ ಹತ್ತು ಮುಕ್ಕಾಲು. ಬೆನ್ನುಚೀಲವನ್ನು ಜಗಲಿಯಲ್ಲಿಟ್ಟು, ಒಳಗೆ ಕಾಲಿಡಲು ಹೋದವನನ್ನು ಅವ್ವ ಹೊಸಿಲಲ್ಲೇ ತಡೆದಳು. ಅಹಮದಾಬಾದಿನ ನಿಲ್ದಾಣದಲ್ಲಿ ಬೆಲ್ಟು ಬಿಚ್ಚಿಸಿದ್ದರು, ಮೆಟ್ರೊದಲ್ಲಿ ಚೀಲ ಯಂತ್ರದೊಳಗೆ ಹಾಯ್ದಿತ್ತು. ಅವೆಲ್ಲ ಅವ್ವನ ತಪಾಸಣೆಯ ಮುಂದೆ ಏನೂ ಅಲ್ಲ.

"ಸೆಂಟ್ ಹಾಕಿದ್ದೀಯಾ?"

ಹಾಕಿದ್ದೆ.

"ಅಂಗಿ ಬಿಚ್ಚು. ಹಿತ್ತಲಿಗೆ ಹೋಗಿ ಕೈ ಕಾಲು ಮುಖ ಸೋಪು ಹಚ್ಚದೆ ತೊಳೆ. ನಿಮ್ಮಪ್ಪನ ಹಳೇ ಅಂಗಿ ತಂತಿಯ ಮೇಲಿದೆ."

ಅದಾದ ಮೇಲೆ ಸುಣ್ಣ, ಬ್ಲೀಚಿಂಗ್ ಪುಡಿ ಬೆರೆಸಿ ಉದುರಿಸಿದ್ದ ಗೋಣಿಚೀಲದ ಮೇಲೆ ಕಾಲೂರಿ ಒಳಗೆ ಹೋದೆ. ಹಬ್ಬಕ್ಕೆ ಬರುವ ಮಗನಿಗೆ ಸಿಗುವ ಮರ್ಯಾದೆ ಯಾವುದೂ ಅಂದು ಸಿಗಲಿಲ್ಲ. ನನ್ನ ಕೋಣೆ ಎಂದು ನಾನು ಇಂದಿಗೂ ಕರೆಯುವ ಕೋಣೆಯಲ್ಲಿ ಮಂಚವಿರಲಿಲ್ಲ. ಗೋಡೆಯಿಂದ ಗೋಡೆಗೆ ಬೊಂಬಿನ ಸ್ಟ್ಯಾಂಡು, ಅದರ ಮೇಲೆ ಸಾಲು ಸಾಲು ತಟ್ಟೆ. ಕಿಟಕಿಗೆ ಊಜಿ ನೊಣ ಬಾರದಂತೆ ಬಲೆ ಬಿಗಿದಿದ್ದರು. ಹುಳ ಹಾಕಿದ್ದೇವೆ ಎಂದು ಫೋನಿನಲ್ಲಿ ಹೇಳಿದ್ದು ನೆನಪಿತ್ತು, ಆದರೆ ನನ್ನ ಮನಸ್ಸಿನಲ್ಲಿ ಆ ಹುಳಗಳು ಬೇರೆಲ್ಲೋ ಇದ್ದವು. ನಾನು ಯುಗಾದಿಗೋ ಗೌರಿ ಹಬ್ಬಕ್ಕೋ ಬರುವ ಹೊತ್ತಿಗೆ ಬೆಳೆ ತೆಗೆದು, ತೊಳೆದು, ಮಂಚ ತಂದು ಹಾಕಿ, ಹಾಸಿಗೆ ಬಿಡಿಸಿಟ್ಟಿರುತ್ತಾರೆ ಎಂಬುದು ಅಂದು ಗೊತ್ತಾಯಿತು.

ಐವತ್ತು ಮೊಟ್ಟೆ ಹಾಕಿದ್ದರು. ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ, ನಾನ್ನೂರಕ್ಕೆ ಕಡಿಮೆಯಿಲ್ಲ. ಇಪ್ಪತ್ತು ಸಾವಿರ ಜೀವ. ಹಿಂದಿನ ಸಾಲಿನ ತಟ್ಟೆಗಳಲ್ಲಿ ಇನ್ನೂ ತಿನ್ನುತ್ತಿದ್ದವು. ಒಣಗಿದ ಎಲೆಗಳ ಮೇಲೆ ತುಂತುರು ಮಳೆ ಬೀಳುವ ಸದ್ದು. ಮುಂದಿನ ಸಾಲಿನಲ್ಲಿ ಸದ್ದಿಲ್ಲ. ಅಣ್ಣ ತಲೆಯೆತ್ತಿ "ಬಂದೆಯಾ" ಎಂದು ಒಂದು ತಟ್ಟೆಯನ್ನು ನನ್ನ ಮುಂದೆ ಸರಿಸಿದ. ಅತ್ತಿಗೆ ಸೊಪ್ಪು ಹೊತ್ತು ತಂದವಳು ನಕ್ಕು ಹೋದಳು. ಮಾತು ಅಲ್ಲಿಗೆ ಮುಗಿಯಿತು. ನಾನೂ ಕುಕ್ಕುರುಗಾಲಿನಲ್ಲಿ ಕುಳಿತು ಆರಿಸತೊಡಗಿದೆ.

ಬೆರಳು ಮರೆತಿರಲಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತದಂತೆ ಎತ್ತಬೇಕು. ಹಸಿಹುಳ ತಣ್ಣಗೆ ಬಿಗಿಯಾಗಿರುತ್ತದೆ, ಹಣ್ಣಾದದ್ದು ಮೆತ್ತಗೆ ತುಸು ಕುಗ್ಗಿರುತ್ತದೆ. ಚಂದ್ರಂಕಿಯ ಸುರುಳಿಗೆ ಬಿಟ್ಟ ಕೆಲವು ಆಗಲೇ ಕೆಲಸ ಶುರು ಮಾಡಿದ್ದವು. ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತಾ, ಬಿದಿರಿನ ಸೀಳಿಗೆ ಒಂದೆಳೆ ಅಂಟಿಸುತ್ತಾ. ನಾನು ರಿಪೇರಿ ಮಾಡುವ ನೂಲಿನ ಯಂತ್ರದ ಕದಿರು ನಿಮಿಷಕ್ಕೆ ಹದಿನೈದು ಸಾವಿರಕ್ಕೂ ಹೆಚ್ಚು ಸುತ್ತು ಸುತ್ತುತ್ತದೆ, ಎಳೆ ಕಡಿದರೆ ಜೋಡಿಸುವುದಕ್ಕೆ ಆಳು ಬೇಕು. ಈ ಹುಳ ಎರಡು ಮೂರು ದಿನ ತೆಗೆದುಕೊಂಡು ಹೆಚ್ಚು ಕಡಿಮೆ ಒಂದು ಕಿಲೋಮೀಟರಿನ ಒಂದೇ ಎಳೆಯನ್ನು ಬಿಡುತ್ತದೆ. ಇದನ್ನು ಚಿಕ್ಕಂದಿನಿಂದ ನೋಡಿದ್ದೆ, ಯಂತ್ರದವನ ಕಣ್ಣಿನಿಂದ ನೋಡಿದ್ದು ಇದೇ ಮೊದಲು. ಮೋಟರು ಎಲ್ಲಿದೆ ಎಂದು ಹುಡುಕುವಂತಾಯಿತು.

ಅಪ್ಪ ಕಿಟಕಿಯ ಪಕ್ಕ ಕುಳಿತಿದ್ದ. ನಮ್ಮ ಊರಿನಲ್ಲಿ ಹಣ್ಣುಹುಳ ಗುರುತಿಸುವುದರಲ್ಲಿ ಅವನದು ಹೆಸರಾದ ಕಣ್ಣು. ಹಿಂದೆ ಪಕ್ಕದ ಕೇರಿಯವರೂ ಕರೆದುಕೊಂಡು ಹೋಗುತ್ತಿದ್ದರು. ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು, ತಿರುಗಿಸಿ, ಚಂದ್ರಂಕಿಗೆ ಬಿಡುತ್ತಿದ್ದ. ಅವನಿಗೆ ಇಷ್ಟು ಹೊತ್ತು ಹಿಡಿಯುತ್ತಿರಲಿಲ್ಲವಲ್ಲ ಎನ್ನಿಸಿತು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಕಂಡೆ. ತುಂಬಿದ ಚಂದ್ರಂಕಿಗಳನ್ನು ಹೊರಗಿನ ಚಪ್ಪರದ ನೆರಳಿಗೆ ಒಯ್ಯುವ ಕೆಲಸ ಅವ್ವನದು. ಅಪ್ಪನ ಚಂದ್ರಂಕಿಯನ್ನು ಎತ್ತಿಕೊಂಡವಳು ಬಾಗಿಲ ಆಚೆ ಒಂದು ಗಳಿಗೆ ನಿಲ್ಲುತ್ತಿದ್ದಳು. ಕೈ ಚಕಚಕನೆ ಆಡುತ್ತಿತ್ತು. ಐದಾರು ಹುಳಗಳನ್ನು ಹೆಕ್ಕಿ ಸೆರಗಿನ ಮರೆಯ ಸಣ್ಣ ಮೊರಕ್ಕೆ ಹಾಕಿಕೊಂಡು, ಮರಳಿ ಬರುವಾಗ ಸದ್ದಿಲ್ಲದೆ ಹಿಂದಿನ ಸಾಲಿನ ತಟ್ಟೆಗೆ ಸುರಿಯುತ್ತಿದ್ದಳು. ಹಸಿಹುಳ.

ಅಣ್ಣನಿಗೂ ಗೊತ್ತಿತ್ತು. ನಾನು ನೋಡುತ್ತಿರುವುದನ್ನು ನೋಡಿ ಅವನು ತಲೆ ತಗ್ಗಿಸಿದ.

ಹನ್ನೆರಡೂವರೆಗೆ ಊಟ. ಊಟವೆಂದರೆ ಅಡುಗೆಮನೆಯ ಬಾಗಿಲಲ್ಲಿ ನಿಂತುಕೊಂಡು, ಒಬ್ಬರಾದ ಮೇಲೆ ಒಬ್ಬರು. ಬಿಸಿ ಮುದ್ದೆ, ಅವರೆಕಾಳಿನ ಉಪ್ಪುಸಾರು, ಅದರ ಜೊತೆಗಿನ ಮೆಣಸಿನ ಖಾರ. ಕೋಳಿ ಕೊಯ್ಯಲಿಲ್ಲ, ಒಬ್ಬಟ್ಟು ತಟ್ಟಲಿಲ್ಲ, ಇನ್ನೊಂದು ಮುದ್ದೆ ಎಂದು ಯಾರೂ ಬಲವಂತ ಮಾಡಲಿಲ್ಲ. ಬೆಳಗಿನಿಂದ ಏನೂ ತಿಂದಿರಲಿಲ್ಲವಾಗಿ ಎರಡನ್ನು ನಾನೇ ಕೇಳಿ ಹಾಕಿಸಿಕೊಂಡೆ. ಹಬ್ಬದೂಟಕ್ಕಿಂತ ಇದೇ ರುಚಿ ಎಂದರೆ ಅತ್ತಿಗೆ ಬೇಸರಪಟ್ಟುಕೊಂಡಾಳು ಎಂದು ಹೇಳಲಿಲ್ಲ.

ಕೈ ತೊಳೆಯುವಾಗ ಹಿತ್ತಲಿನಲ್ಲಿ ಅವ್ವನನ್ನು ಕೇಳಿದೆ.

"ಪೊರೆ ಬಂದಿದೆ" ಎಂದಳು. "ಎರಡು ಕಣ್ಣಿಗೂ. ಡಾಕ್ಟರು ಆಪರೇಷನ್ ಎಂದಿದ್ದಾರೆ. ಬೆಳೆ ಮಾರಿದ ಮೇಲೆ ಮಾಡಿಸೋಣ ಎಂದುಕೊಂಡಿದ್ದೇವೆ."

"ಫೋನಿನಲ್ಲಿ ಹೇಳಬಾರದಿತ್ತೇ ಅವ್ವ?"

"ಫೋನಿನಲ್ಲಿ ನೀನು ಚೆನ್ನಾಗಿದ್ದೀರಾ ಎಂದು ಕೇಳುತ್ತೀಯೆ. ಚೆನ್ನಾಗಿಯೇ ಇದ್ದೇವಲ್ಲ."

ಒಂದು ಗಂಟೆಗೆ ಅಂಗಿ ಬದಲಿಸಿ ಹೊರಟೆ. ಚಪ್ಪರದ ತುಂಬ ಚಂದ್ರಂಕಿಗಳು ಓರೆಯಾಗಿ ನಿಂತಿದ್ದವು, ಜಗಲಿಯ ಮೇಲೂ ಎರಡನ್ನು ನನ್ನ ಚೀಲಕ್ಕೆ ಒರಗಿಸಿದ್ದರು. ಅವನ್ನು ಮೆಲ್ಲಗೆ ಸರಿಸಿ ಚೀಲ ಎತ್ತಿಕೊಂಡೆ. ಅಪ್ಪ ಬಾಗಿಲವರೆಗೆ ಬಂದು, ನನ್ನ ಮುಖಕ್ಕಿಂತ ತುಸು ಪಕ್ಕಕ್ಕೆ ನೋಡುತ್ತಾ, "ವಿಮಾನ ತಪ್ಪಿಸಿಕೊಳ್ಳಬೇಡ" ಎಂದ. ಐದಾರು ದಿನಕ್ಕೆ ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಒಯ್ಯುವುದು, ಅದಾದ ವಾರದಲ್ಲಿ ಒಂದು ಕಣ್ಣಿಗೆ ಆಪರೇಷನ್, ನಾನು ನಾಲ್ಕು ದಿನ ರಜೆ ಹಾಕಿ ಬರುವುದು. ಇಷ್ಟನ್ನು ಆಟೋಗೆ ಕಾಯುತ್ತಾ ಅಣ್ಣನೂ ನಾನೂ ಮಾತಾಡಿ ಮುಗಿಸಿದೆವು. ಹಬ್ಬದಲ್ಲಿ ನಾಲ್ಕು ದಿನ ಇದ್ದರೂ ನಾವಿಬ್ಬರೂ ಇಷ್ಟು ಕೆಲಸದ ಮಾತು ಆಡಿದ್ದಿಲ್ಲ.

ಮರಳುವ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಂಗೇರಿಯವರೆಗೆ ನಿದ್ದೆ. ಹೆಬ್ಬಾಳದಲ್ಲಿ ಇಪ್ಪತ್ತೈದು ನಿಮಿಷ ಬಸ್ಸು ಕದಲಲಿಲ್ಲ. ಐದೂವರೆ ಎಂದು ಇಟ್ಟುಕೊಂಡದ್ದು ಐದೂ ಐವತ್ತಾಯಿತು. ಎಂಟು ಗಂಟೆಗಿಂತ ಕಡಿಮೆ ಬಿಡುವಿದ್ದರೆ ದೇವನಹಳ್ಳಿ ಬಿಟ್ಟು ಕದಲುವ ಯೋಚನೆಯನ್ನೇ ಮಾಡಬಾರದು ಎಂದು ಆ ಇಪ್ಪತ್ತೈದು ನಿಮಿಷದಲ್ಲಿ ನೂರು ಸಲ ಅಂದುಕೊಂಡೆ. ಭದ್ರತಾ ತಪಾಸಣೆಯಲ್ಲಿ ಚೀಲ ಯಂತ್ರದೊಳಗೆ ಹಾಯ್ದು ಆಚೆ ಬಂತು, ಯಾರೂ ಏನೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಕೊಯಮತ್ತೂರಿನ ಹೋಟೆಲಿನಲ್ಲಿ ನೀರಿನ ಬಾಟಲಿ ತೆಗೆಯಲು ಚೀಲದ ಪಕ್ಕದ ಬಲೆಯ ಜೇಬಿಗೆ ಕೈ ಹಾಕಿದರೆ ಬೆರಳಿಗೆ ಹತ್ತಿಯಂಥದ್ದೇನೋ ತಗುಲಿತು. ಬಾಟಲಿಗೂ ಬಲೆಗೂ ನಡುವಿನ ಮೂಲೆಯಲ್ಲಿ ತೆಳ್ಳಗಿನ ಗೂಡು. ಒಳಗೆ ಇನ್ನೂ ತಲೆ ಆಡುತ್ತಿರುವುದು ಪರದೆಯ ಹಿಂದಿನ ನೆರಳಿನಂತೆ ಕಾಣುತ್ತಿತ್ತು. ಎಂಟರ ಆಕಾರ.

ಅವ್ವನಿಗೆ ಫೋನ್ ಮಾಡಿ ಹೇಳಿದೆ.

"ಮುಟ್ಟಬೇಡ, ಇನ್ನೆರಡು ದಿನ ಅಲ್ಲಾಡಿಸಲೂಬೇಡ" ಎಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಜಗಲಿಯ ಮೇಲಿದ್ದವು ನಿಮ್ಮಪ್ಪ ಆರಿಸಿದವು. ಗೂಡು ಕಟ್ಟುತ್ತಿದೆ ತಾನೇ? ಚೆನ್ನಾಗಿ ನೋಡಿ ಹೇಳು."

"ಕಟ್ಟುತ್ತಿದೆ ಅವ್ವ."

"ಇರು, ಅವರಿಗೇ ಕೊಡುತ್ತೇನೆ. ನೀನೇ ಹೇಳು."