ಗೋಡೆಗೆ ಪಾಸ್

"ಅಂಕಲ್, ನೀವು ಯಾಕೆ ಯಾವಾಗ್ಲೂ ಗೋಡೆಗೇ ಪಾಸ್ ಕೊಡ್ತೀರಿ? ನಿಮಗೆ ಫ್ರೆಂಡ್ಸ್ ಇಲ್ವಾ?"

ಕಾರಿನ ಹಿಂದಿನ ಸೀಟಿನಿಂದ ಬಂದ ಪ್ರಶ್ನೆ. ಕೇಳಿದವನು ಪಕ್ಕದ ಮನೆಯ ದಾವಣಗೆರೆಯವರ ಮಗ. ಒಂಬತ್ತು ವರ್ಷ. ಅವನಪ್ಪನೂ ನಾನೂ ಒಂದೇ ಫುಟ್‌ಬಾಲ್ ಟೀಮು. ಗಾಡಿ ಓಡಿಸುತ್ತಿದ್ದ ಅಪ್ಪ ನಗು ತಡೆಯಲಾರದೆ ಕೆಮ್ಮಿದ. ನನಗೆ 52 ವರ್ಷ. ಸುಮ್ನೆ ಕಿಟಕಿಯಾಚೆ ಹಿಮ ನೋಡಿದೆ.

ಶಿಕಾಗೋ ಕಡೆ ಜನವರಿಯಲ್ಲಿ ಫುಟ್‌ಬಾಲ್ ಅಂದರೆ ಸೂರಿನ ಕೆಳಗೇ. ಅಂಕಣದ ಸುತ್ತ ಗೋಡೆ. ಚೆಂಡು ಅದಕ್ಕೆ ಬಡಿದು ವಾಪಸ್ ಬಂದರೆ ಆಟ ನಿಲ್ಲುವುದಿಲ್ಲ. ಗೋಲ್‌ಕೀಪರ್ ಸೇರಿ ಒಂದು ಟೀಮಿಗೆ ಆರು ಜನ. ಆಟ ನಡೆಯುತ್ತಿರುವಾಗಲೇ ಒಬ್ಬ ಹೊರಬಂದು ಇನ್ನೊಬ್ಬ ಒಳಗೆ ಹೋಗಬಹುದು. ನಮ್ಮಂಥ ನಲವತ್ತು ದಾಟಿದವರನ್ನು ಬದುಕಿಸಿರುವುದೇ ಈ ನಿಯಮ. ಫೌಲ್ ಜೋರಾದರೆ ನೀಲಿ ಕಾರ್ಡ್, ಎರಡು ನಿಮಿಷ ಹೊರಗೆ. ಹೋದ ತಿಂಗಳು ನನಗೊಂದು ಸಿಕ್ಕಿತು. ನಿಜ ಹೇಳಲಾ? ಆ ಎರಡು ನಿಮಿಷ ಸ್ವರ್ಗ.

ಆದರೆ ಹುಡುಗ ಹೇಳಿದ್ದು ಸರಿ. ನನ್ನ ಕಾಲು ಗೋಡೆಯನ್ನೇ ಹುಡುಕುತ್ತದೆ.

ನಾನು ಬೆಳೆದದ್ದು ಬೆಂಗಳೂರಿನ ಹಲಸೂರಿನ ಹತ್ತಿರ, ಗೌತಮಪುರದ ಪಕ್ಕದ ಗಲ್ಲಿಯಲ್ಲಿ. ಪೆಲೆ ಪ್ರತಿಮೆ ಇರುವ ಗೌತಮಪುರ. ತಮಿಳು, ಕನ್ನಡ, ಉರ್ದು ಮೂರರಲ್ಲೂ ಬೈದುಕೊಂಡು ಆಡುತ್ತಿದ್ದೆವು. ಗಲ್ಲಿಯ ಒಂದು ಕಡೆ ಮೋರಿ, ಇನ್ನೊಂದು ಕಡೆ ಒಬ್ಬರು ಅಜ್ಜಿಯ ಮನೆಯ ಗೋಡೆ. ಎದುರಾಳಿ ಅಡ್ಡ ಬಂದರೆ ಚೆಂಡನ್ನು ಗೋಡೆಗೆ ತಳ್ಳಿ, ಅವನ ಬೆನ್ನ ಹಿಂದೆ ಹೋಗಿ ಹಿಡಿಯುವುದು. ಪ್ರತಿ ಧಬ್ ಸದ್ದಿಗೂ ಒಳಗಿನಿಂದ ಅಜ್ಜಿಯ ಶಾಪ. ಕತ್ತಲಾಗಿ ಎಲ್ಲರೂ ಮನೆಗೆ ಹೋದ ಮೇಲೂ ಗೋಡೆ ಮಾತ್ರ ಆಡಲು ಸಿಗುತ್ತಿತ್ತು.

ಹೋದ ವರ್ಷ ಊರಿಗೆ ಬಂದಾಗ ಗೋಡೆ ಹುಡುಕಿದೆ. ನಾಲ್ಕು ಮಹಡಿ ಎದ್ದಿದೆ, ಕೆಳಗೆ ಬರೀ ಕಂಬ ಮತ್ತು ಕಾರು. ಅಕ್ಕನ ಮಗ ಟರ್ಫ್‌ಗೆ, ಅಂದರೆ ಕೃತಕ ಹುಲ್ಲಿನ ಅಂಕಣಕ್ಕೆ, ಕರೆದುಕೊಂಡು ಹೋದ. ಗಂಟೆ ಲೆಕ್ಕದ ಬಾಡಿಗೆ, ಸುತ್ತ ಬಲೆ. ಶೂ ಕಟ್ಟಿಕೊಳ್ಳುತ್ತಿದ್ದೆ, ಅವನ ಗೆಳೆಯನೊಬ್ಬ ಓಡಿ ಬಂದ. "ಅಂಕಲ್, ನೀವು ಕೂತ್ಕೊಳ್ಳಿ. ಮಂಡಿ ಗಿಂಡಿ ನೋವಾದ್ರೆ ಕಷ್ಟ." ಕುರ್ಚಿ ತಂದ. ಜ್ಯೂಸ್ ತಂದ. ಎಂಟು ಮೊಬೈಲು, ಮೂರು ಬೈಕ್ ಕೀಲಿ ನನ್ನ ಮಡಿಲಿಗೆ ಹಾಕಿದರು. ನಮ್ಮೂರಿನ ಮರ್ಯಾದೆ ಅಂದರೆ ಹೀಗೇ ಅಲ್ವಾ, ಕುರ್ಚಿ ಕೊಟ್ಟು ಆಟದಿಂದ ಎಬ್ಬಿಸುವುದು. ಅಪ್ಪನಿಗೂ ಹೀಗೇ ಆಯಿತು. ಐಟಿಐ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಆಡುತ್ತಿದ್ದರಂತೆ. ಮದುವೆಯಾಗಿದ್ದೇ ತಡ, ನಮ್ಮಜ್ಜಿ ಅವರ ಬೂಟನ್ನು ಯಾರಿಗೋ ಕೊಟ್ಟುಬಿಟ್ಟರು. ಅಪ್ಪ ಚೆಂಡು ಒದೆಯುವುದನ್ನು ನಾನು ನೋಡಿದ್ದು ಒಂದೇ ಸಲ. ಗಲ್ಲಿಯಲ್ಲಿ ಉರುಳಿ ಬಂದ ಚೆಂಡನ್ನು, ಕೈಯಲ್ಲಿ ತರಕಾರಿ ಚೀಲ ಇದ್ದ ಹಾಗೆಯೇ, ಚಪ್ಪಲಿ ಕಾಲಲ್ಲಿ ಗೋಡೆಗೆ ತಳ್ಳಿದರು. ಅದು ಸರಿಯಾಗಿ ನನ್ನ ಕಾಲಿಗೇ ಬಂತು. ಅವರು ತಿರುಗಿಯೂ ನೋಡದೆ ಮನೆಯೊಳಗೆ ಹೋದರು.

ಹುಡುಗನಿಗೆ ಇದೆಲ್ಲ ಹೇಳಲಿಲ್ಲ. ಸ್ವಲ್ಪ ಜಂಬ ಕೊಚ್ಚಿದೆ. "ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ಗೋಲು ಹೊಡೆದಿದ್ದರು, ಗೊತ್ತಾ? ಟೀಮಿನಲ್ಲಿ ಜಾಸ್ತಿ ಜನ ಬರಿಗಾಲಲ್ಲೇ ಆಡಿದ್ದರು."

"ಗೆದ್ರಾ?"

"ಇಲ್ಲ. 2-1ರಲ್ಲಿ ಸೋತರು."

"ಅವರೂ ಗೋಡೆಗೆ ಪಾಸ್ ಕೊಡ್ತಿದ್ರಾ?"

ಈ ಭಾನುವಾರ ಅವನು ನೋಟ್‌ಬುಕ್ ತಂದಿದ್ದ. ಮ್ಯಾಚ್ ಮುಗಿದ ಮೇಲೆ, ನಾನು ಮಂಡಿಗೆ ಐಸ್ ಇಟ್ಟುಕೊಂಡು ಕೂತಿದ್ದಾಗ, ಗಂಭೀರವಾಗಿ ಓದಿದ. "ಗೋಡೆಗೆ ಹನ್ನೊಂದು. ಅಪ್ಪನಿಗೆ ನಾಲ್ಕು. ಬೇರೆಯವರಿಗೆ ಎರಡು, ಅಂಕಲ್."