ಪುಟ್ಟನ ಕೈ, ಒದ್ದೆ ಮರಳು

ಜೂನ್ 12, 2025, ಗುರುವಾರ

ಇವತ್ತು ಪುಟ್ಟ ಒದ್ದೆ ಮರಳಿಗೆ ಕೈ ಹಾಕಿದ!

ಮೂಲೆಮನೆ ಪುಟ್ಟ. ಕೈಗೆ ಒಂದು ಅಗುಳು ಅಂಟಿದರೂ ಅಳುವ ಮಗು. ಅಂಗನವಾಡಿಗೆ ಸೇರಿದ ಹೊಸದರಲ್ಲಿ ಹುಲ್ಲಿನ ಮೇಲೆ ಬರಿಗಾಲು ಇಡುತ್ತಿರಲಿಲ್ಲ. ಉಳಿದವರೆಲ್ಲ ಅಂಗಳದಲ್ಲಿ ಬಿದ್ದು ಹೊರಳಾಡುತ್ತಿದ್ದರೆ ಇವನು ಜಗಲಿ ಮೇಲೆ ಎರಡೂ ಕೈ ಎತ್ತಿಕೊಂಡು ನಿಂತಿರುತ್ತಿದ್ದ. ಕೆಲವು ಮಕ್ಕಳ ಚರ್ಮಕ್ಕೆ ಸ್ಪರ್ಶ ಜಾಸ್ತಿಯೇ ತಾಗುತ್ತದೆ. ಅವರ ಕೈ ಹಿಡಿದು ಮಣ್ಣಿಗೆ ಅದ್ದಬಾರದು. ಹಾಗೆ ಮಾಡಿದರೆ ಭಯ ಇನ್ನೂ ಗಟ್ಟಿಯಾಗುತ್ತದೆ. ಅದಕ್ಕೇ ಮೊದಲು ಒಂದು ತಟ್ಟೆ ರಾಗಿ ಕೊಟ್ಟೆ. ಆಮೇಲೆ ಹುರುಳಿ. ಆಮೇಲೆ ಒಣ ಮರಳು, ಜೊತೆಗೊಂದು ಚಮಚ, ಕೈ ತಾಗದಿದ್ದರೂ ಪರವಾಗಿಲ್ಲ ಅಂತ. ಚಮಚ ಯಾವಾಗ ಬಿಟ್ಟನೋ ನನಗೆ ಗೊತ್ತಾಗಲಿಲ್ಲ.

ರಾತ್ರಿ ಮಳೆ ಬಂದಿತ್ತು. ಅಂಗಳದ ಮರಳು ಚೆನ್ನಾಗಿ ನೆನೆದಿತ್ತು. ದೊಡ್ಡ ಹುಡುಗಿಯರು ಗುಬ್ಬಿಗೂಡು ಕಟ್ಟಲು ಕೂತರು. ಪಾದದ ಮೇಲೆ ಮರಳು ಎಳೆದು, ತಟ್ಟಿ ತಟ್ಟಿ, ಉಸಿರು ಬಿಗಿಹಿಡಿದು ಕಾಲು ಹೊರಗೆ ತೆಗೆದರೆ ಗೂಡು ನಿಲ್ಲುತ್ತದೆ. ಪುಟ್ಟ ತುಂಬ ಹೊತ್ತು ನೋಡಿದ. ಆಮೇಲೆ ಸೂರಿನ ಕೆಳಗಿನ ಒಣ ಮರಳಲ್ಲಿ ತಾನೂ ಶುರುಮಾಡಿದ. ಕಾಲು ತೆಗೆದ, ಕುಸಿಯಿತು. ಮತ್ತೆ ಮಾಡಿದ, ಮತ್ತೆ ಕುಸಿಯಿತು. ನಾನು ಬಾಯಿ ಬಿಡಲಿಲ್ಲ. ಸಹಾಯಕಿ ಅಕ್ಕ ಹೇಳಿಕೊಡಲು ಹೊರಟಾಗ ಅವರನ್ನೂ ಕಣ್ಸನ್ನೆ ಮಾಡಿ ತಡೆದೆ. ಕೊನೆಗೆ ಅವನೇ ಎದ್ದು ಹೋಗಿ ಪಕ್ಕದ ಹುಡುಗಿಯ ಗೂಡನ್ನು ಮುಟ್ಟಿದ. ಕೈ ನೋಡಿಕೊಂಡ. ಅಳಲಿಲ್ಲ. ಒಂದು ಹಿಡಿ ಒದ್ದೆ ಮರಳು ತಂದ.

"ಮಿಸ್, ಇದು ನಿಲ್ತದೆ."

ಇಷ್ಟಕ್ಕೇ ಬಿಡಲಿಲ್ಲ. ನೀರು ಹಾಕಿದರೆ ಇನ್ನೂ ಚೆನ್ನಾಗಿ ನಿಲ್ಲಬಹುದು ಅಂದುಕೊಂಡು ಒಂದು ತೆಂಗಿನ ಚಿಪ್ಪು ನೀರು ತಂದು ಸುರಿದ. ಗೂಡು ಹರಿದೇ ಹೋಯಿತು. ಆಗ ಅವನ ಮುಖ ನೋಡಬೇಕಿತ್ತು! ಸ್ವಲ್ಪ ನೀರಿದ್ದರೆ ಅದು ಮರಳಿನ ಕಾಳುಗಳ ನಡುವೆ ನಿಂತು ಒಂದನ್ನೊಂದು ಎಳೆದು ಹಿಡಿಯುತ್ತದೆ. ಜಾಗವೆಲ್ಲ ನೀರೇ ತುಂಬಿದರೆ ಆ ಹಿಡಿತ ಹೋಗುತ್ತದೆ. ಇದನ್ನು ಅವನಿಗೆ ಹೇಳಲಿಲ್ಲ, ಹೇಳುವ ವಯಸ್ಸೂ ಅಲ್ಲ. ಆದರೆ ಒಣಗಿದ್ದು, ನೆನೆದದ್ದು, ನೀರಾದದ್ದು, ಮೂರನ್ನೂ ಇವತ್ತು ಅವನ ಕೈ ತಿಳಿದುಕೊಂಡಿತು. ಮುಂದೆ ಯಾವುದೋ ಕ್ಲಾಸಿನಲ್ಲಿ ಯಾರೋ ಇದನ್ನು ಬೋರ್ಡಿನ ಮೇಲೆ ಬರೆದಾಗ ಆ ಕೈಗೆ ನೆನಪಿರುತ್ತದೆ ಅಂತ ನಾನು ನಂಬಿದ್ದೇನೆ.

ಊಟ ಆದಮೇಲೆ ಅವನ ಅಮ್ಮ ಬಂದಳು. ಓಡಿಹೋಗಿ ಹೇಳೋಣ ಅಂತ ಎದ್ದೆ. ಅವಳೇ ಮೊದಲು ಮಾತು ತೆಗೆದಳು.

"ಮಿಸ್, ಬೇಜಾರು ಮಾಡ್ಕೋಬೇಡಿ. ಸೋಮವಾರದಿಂದ ಇವನನ್ನ ಎಲ್‌ಕೆಜಿಗೆ ಕಳಿಸ್ತೀವಿ. ವ್ಯಾನು ಮನೆ ಬಾಗಿಲಿಗೇ ಬರುತ್ತೆ. ಎದುರು ಮನೆ ಮಗು ಇವನ ವಯಸ್ಸಿನದೇ, ಎ ಇಂದ ಝೆಡ್‌ವರೆಗೂ ಬರೀತದೆ. ಇವನನ್ನ ಕೇಳಿದ್ರೆ ಬರೀ ಮರಳು, ನೀರು ಅಂತಾನೆ."

"ಅವನಿಗಿನ್ನೂ ಮೂರೂವರೆ ಕಣಮ್ಮ" ಅಂದೆ. "ಬರೆಯೋ ಕೈ ಮೊದಲು ತಯಾರಾಗ್ಬೇಕು."

"ಕೂತು ಬರೆದ್ರೆ ತಾನೇ ಮಿಸ್ ಕೈ ತಯಾರಾಗೋದು?"

ಅವಳ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಅವಳೂ ಮಗನ ಒಳ್ಳೆಯದಕ್ಕೇ ಕೇಳುತ್ತಿದ್ದಾಳೆ. ನನಗೆ ಗೊತ್ತಿದ್ದದ್ದನ್ನು ಹೇಳಿದೆ. ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳಿರುತ್ತವೆ. ಈ ವಯಸ್ಸಿನಲ್ಲಿ ಅವುಗಳಲ್ಲಿ ಅರ್ಧಕ್ಕೂ ಜಾಸ್ತಿ ಇನ್ನೂ ಮೂಳೆಯಾಗದೆ ಮೆತ್ತನೆಯ ಮೃದ್ವಸ್ಥಿಯಾಗೇ ಇರುತ್ತವೆ. ಕೊನೆಯ ಮೂಳೆ ಗಟ್ಟಿಯಾಗಲು ಶುರುವಾಗುವ ಹೊತ್ತಿಗೆ ಮಗುವಿಗೆ ಎಂಟು ವರ್ಷವೋ ಇನ್ನೂ ಜಾಸ್ತಿಯೋ ಆಗಿರುತ್ತದೆ. ಒದ್ದೆ ಬಟ್ಟೆ ಹಿಂಡುವುದು, ಮಣ್ಣು ಕಲಸುವುದು, ಚಿಪ್ಪಿನಿಂದ ಚಿಪ್ಪಿಗೆ ಚೆಲ್ಲದ ಹಾಗೆ ನೀರು ಬಗ್ಗಿಸುವುದು, ಹುಣಸೆ ಬೀಜ ಒಂದೊಂದೇ ಹೆಕ್ಕುವುದು, ಇವೆಲ್ಲ ಪೆನ್ಸಿಲ್ ಹಿಡಿಯುವ ಬೆರಳಿನ ಕೆಲಸವೇ. ಮರ ಹತ್ತಿ ತೋಳಿಗೆ, ಹೆಗಲಿಗೆ ಶಕ್ತಿ ಬಂದ ಮಗು ಬೆಂಚಿನ ಮೇಲೆ ನೆಟ್ಟಗೆ ಕೂರುತ್ತದೆ. ಅವಳು ತಲೆಯಾಡಿಸಿದಳು. ಒಪ್ಪಿದಳೋ, ನನ್ನ ಮೇಲಿನ ಮರ್ಯಾದೆಗೆ ಆಡಿಸಿದಳೋ ತಿಳಿಯಲಿಲ್ಲ.

ಜೊತೆಗೆ ಬಂದಿದ್ದ ಅಜ್ಜಿಗೆ ಮಾತ್ರ ತಡೆಯಲಾಗಲಿಲ್ಲ. "ಕೂಸು ಮಣ್ಣಲ್ಲಿ ಆಡ್ದೆ ಇನ್ನೆಲ್ಲಿ ಆಡ್ತದೆ? ಇವ್ರಪ್ಪನೂ ಇದೇ ಅಂಗ್ನಾಡೀಲಿ ಮಣ್ಣಾಡ್ಕಂಡೇ ಬೆಳ್ದದ್ದು. ಈಗ ಅವುನ್ಗೆ ಲೆಕ್ಕ ಬರಾಕಿಲ್ವಾ?"

ಅಜ್ಜಿಯ ಮಾತಿಗೆ ಎದೆ ತುಂಬಿ ಬಂತು. ರಾಜ್ಯದಲ್ಲಿ ಮೊದಲು ಅಂಗನವಾಡಿ ಶುರುವಾದದ್ದೇ ನಮ್ಮ ಟಿ. ನರಸೀಪುರ ತಾಲ್ಲೂಕಿನಲ್ಲಿ, 1975ರ ಅಕ್ಟೋಬರ್ 2ರಂದು. ಈ ಅಕ್ಟೋಬರಿಗೆ 50 ವರ್ಷ ತುಂಬುತ್ತದೆ. ಇಷ್ಟು ವರ್ಷ ಈ ಅಂಗಳಗಳಲ್ಲಿ ಆಡಿ ಹೋದವರು ಎಷ್ಟು ಜನ! ಈಗ ಅವರೇ ಅಪ್ಪ ಅಮ್ಮಂದಿರಾಗಿ ಮಕ್ಕಳನ್ನು ಅಂಗಳವಿಲ್ಲದ ಕಡೆಗೆ ಕಳಿಸುತ್ತಿದ್ದಾರೆ.

ತಲಕಾಡಿಗೆ ಭಾನುವಾರ ಬಂದು ನೋಡಿ. ಬೆಂಗಳೂರಿನಿಂದ, ಮೈಸೂರಿನಿಂದ ಕಾರು ಮಾಡಿಕೊಂಡು ಮಕ್ಕಳನ್ನು ಕರೆತರುತ್ತಾರೆ. ಚಪ್ಪಲಿ ಬಿಚ್ಚಿಸಿ ಮರಳದಿಬ್ಬದ ಮೇಲೆ ಓಡಿಸುತ್ತಾರೆ, ಹೊಳೆಗೆ ಕರೆದುಕೊಂಡು ಹೋಗುತ್ತಾರೆ. ಆ ಮಕ್ಕಳ ಕೂಗು ಕೇಳಿದರೆ ಖುಷಿಯಾಗುತ್ತದೆ. ಅದೇ ಮರಳು ನಮ್ಮ ಮಕ್ಕಳಿಗೆ ದಿನವೂ ಕಾಲ ಕೆಳಗಿದೆ. ಐದು ವರ್ಷದೊಳಗಿನ ಮಕ್ಕಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಮಾತು ಮೀಟಿಂಗಿನಲ್ಲಿ ಕೇಳಿದಾಗಿನಿಂದ ತಲೆಯಲ್ಲಿ ಕೂತಿದೆ. 3, 4 ವರ್ಷದ ಮಗು ದಿನಕ್ಕೆ 180 ನಿಮಿಷವಾದರೂ ಮೈ ಕೈ ಆಡಿಸಬೇಕಂತೆ. ಮೂರು ಗಂಟೆ! ಬೆಂಚಿನ ಮೇಲೆ ಕೂತ ಮಗುವಿಗೆ ಅದು ಎಲ್ಲಿ ಸಿಗುತ್ತದೆ?

ಮಣ್ಣಲ್ಲಿ ಆಡಿದರೆ ಕಾಯಿಲೆ ಬರುತ್ತದೆ ಅನ್ನುವ ತಾಯಂದಿರ ಭಯದಲ್ಲಿ ಒಂದಂತೂ ನಿಜ. ತೆರೆದು ಬಿಟ್ಟಿದ್ದರೆ ಮರಳಿಗೆ ಬೆಕ್ಕು, ನಾಯಿ ಬರುತ್ತವೆ. ಸಂಜೆ ಮುಚ್ಚಿಡಲೇಬೇಕು. ಆಡಿದ ಮೇಲೆ ಸೋಪು ಹಾಕಿ ಕೈ ತೊಳೆಸದೆ ಮೊಟ್ಟೆ ಕೊಡಬಾರದು. ವರ್ಷಕ್ಕೆರಡು ಸಲ ಜಂತುಹುಳದ ಮಾತ್ರೆ ತಪ್ಪಿಸಬಾರದು. ಯಾವುದಾದರೂ ಮಗು ಮಣ್ಣು ತಿನ್ನುತ್ತಿದ್ದರೆ ಬೈದು ಬಿಡಬಾರದು. ರಕ್ತ ಕಡಿಮೆ ಇರಬಹುದು, ತೋರಿಸಬೇಕು. ಹಳೇ ಟಾರ್ಪಾಲು ಹರಿದುಹೋಗಿದೆ. ಹೊಸದನ್ನು ಬಾಲವಿಕಾಸ ಸಮಿತಿಯಲ್ಲಿ ಕೇಳಬೇಕು.

ಸಾಕಾಗಿದೆ ಇವತ್ತು. ಅಂಗನವಾಡಿ ಲೆಕ್ಕ ತುಂಬುವ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಇನ್ನೂ ಎಂಟ್ರಿ ಮಾಡಿಲ್ಲ, ನೆಟ್‌ವರ್ಕ್ ಬರುತ್ತಿಲ್ಲ.

ನಾಳೆ ದೊಡ್ಡಪತ್ರೆ, ತುಳಸಿ, ನಿಂಬೆ ಎಲೆ ಕಿತ್ತು ಕಣ್ಣು ಕಟ್ಟಿ ಮೂಸಿಸುವ ಆಟ ಇಟ್ಟುಕೊಂಡಿದ್ದೆ. ಪುಟ್ಟನಿಗೆ ಕಣ್ಣು ಕಟ್ಟಿದರೆ ಹೆದರಿಕೆ ಆಗಬಹುದು, ಅವನಿಗೆ ಸುಮ್ನೆ ಕಣ್ಣು ಮುಚ್ಚಿಕೋ ಅಂದರೆ ಸಾಕು. ನಾಳೆ ಬರುತ್ತಾನಲ್ವಾ? ಸೋಮವಾರದಿಂದ ತಾನೇ ಅಂದದ್ದು. ಫೀಸು ಕಟ್ಟಿಬಿಟ್ಟಿದ್ದಾರಾ ಅಂತ ಕೇಳಲೇ ಇಲ್ಲ. ಕಟ್ಟಿಲ್ಲದಿದ್ದರೆ ಅವರಪ್ಪ ಗದ್ದೆಯಿಂದ ಬರುವ ಹೊತ್ತಿಗೆ ಒಂದು ಸಲ ಮನೆಗೆ ಹೋಗಿ, ಅಜ್ಜಿಯನ್ನೂ ಕೂರಿಸಿಕೊಂಡು